ಪುಡಿ ಊಟಕ್ಕೆ ಮುಂಚೆ, ಮಾತ್ರೆ ಊಟದ ನಂತರ

ರೋಗಿಗಳು ಔಷಧಿ ಮುಗಿಸಿ ಬಿಸಾಡಬೇಕಾದ ಕಸವನ್ನು ಎಣಿಸುವುದೇ ನನ್ನ ಈಗಿನ ಕೆಲಸ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು, "ಅದಕ್ಕೇನಾ ಫಾರ್ಮಸಿ ಓದಿ ಜಪಾನಿಗೆ ಹೋಗಿದ್ದು?" ಎಂದು ಕೇಳಿದಳು. ನಾನು ಅದೊಂದು ದೊಡ್ಡ ಅಧ್ಯಯನ, ಅದರ ಸಂಯೋಜಕಿ ನಾನು ಎಂದೆಲ್ಲ ವಿವರಿಸಿದೆ. "ಕಸ ತಾನೇ ಎಣಿಸೋದು?" ಎಂದಳು ಮತ್ತೆ. ಹೌದು, ಕಸವೇ.

ತ್ಸುಕುಬಾದ ಒಂದು ಆಸ್ಪತ್ರೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಆಗಷ್ಟೇ ಸೋರಲು ತೊಡಗಿದವರನ್ನು ಎರಡು ಗುಂಪು ಮಾಡಿದ್ದೆವು. ಒಂದು ಗುಂಪಿಗೆ ಎಂದಿನ ಮಾತ್ರೆ ಮಾತ್ರ. ರಕ್ತದೊತ್ತಡ ಇಳಿಸಿ ಕಿಡ್ನಿಯ ಸೋರಿಕೆ ತಡೆಯುವ ಮಾತ್ರೆ ಅದು. ಇನ್ನೊಂದು ಗುಂಪಿಗೆ ಅದೇ ಮಾತ್ರೆಯ ಜೊತೆಗೆ ಕಾಂಪೋ ಪುಡಿ. ಕಾಂಪೋ ಎಂದರೆ ನೂರಾರು ವರ್ಷಗಳ ಹಿಂದೆ ಚೀನಾದಿಂದ ಬಂದು ಜಪಾನಿನದೇ ಆಗಿಹೋದ ಬೇರುನಾರಿನ ವೈದ್ಯ. ನಮ್ಮ ಪುಡಿಯಲ್ಲಿ ಓಗಿ ಎಂಬ ಬೇರು ಮುಖ್ಯ, ಜೊತೆಗೆ ಚಿಟಿಕೆ ಜೇಷ್ಠಮಧು. ಪುಡಿ ಊಟಕ್ಕೆ ಮುಂಚೆ, ಮಾತ್ರೆ ಊಟದ ನಂತರ. ಆರು ತಿಂಗಳು. ನಾಲ್ಕು ವಾರಕ್ಕೊಮ್ಮೆ ರೋಗಿಗಳು ಬಂದು ಮೂತ್ರ ಕೊಟ್ಟು, ರಕ್ತ ಕೊಟ್ಟು, ಪುಡಿಯ ಖಾಲಿ ಪೊಟ್ಟಣಗಳನ್ನೂ ಮಾತ್ರೆಯ ಖಾಲಿ ಸ್ಟ್ರಿಪ್ ಹಾಳೆಗಳನ್ನೂ ನನ್ನ ಮೇಜಿನ ಮೇಲೆ ಇಡಬೇಕು. ನಾನು ಎಣಿಸಬೇಕು.

ಮೂತ್ರದಲ್ಲಿ ಸೋರುವ ಅಲ್ಬುಮಿನ್ ಎಂಬ ಪ್ರೋಟೀನಿಗೆ ಒಂದು ಅಂಕಿ ಇದೆ. ಮೂವತ್ತರಿಂದ ಮುನ್ನೂರರೊಳಗೆ ಇದ್ದರೆ ಆರಂಭದ ಹಂತ, ಹಿಡಿದು ನಿಲ್ಲಿಸಬಹುದು. ಮುನ್ನೂರು ದಾಟಿದರೆ ಮುಂದಿನ ಹಂತ. ಅಲ್ಲಿಂದ ಹಿಂದೆ ಬರುವವರು ಕಡಿಮೆ. ನಮ್ಮ ಇಡೀ ಅಧ್ಯಯನ ಆ ಗೆರೆಯ ಈಚೆಗಿನವರಿಗಾಗಿಯೇ ಇತ್ತು.

ಮೇಲೆ ಇಬ್ಬರು ಡಾಕ್ಟರು. ಕಿಡ್ನಿ ಡಾಕ್ಟರಿಗೆ ಪುಡಿಯ ಮೇಲೆ ನಂಬಿಕೆ ಇರಲಿಲ್ಲ. ಹಣ ಮಂಜೂರಾಗಿದೆಯಲ್ಲ ಎಂದು ಒಪ್ಪಿಕೊಂಡಿದ್ದರು. ಕಾಂಪೋ ಡಾಕ್ಟರು ನಾಲಿಗೆ ನೋಡಿ, ಹೊಟ್ಟೆ ಒತ್ತಿ, 'ಹೊಟ್ಟೆಯ ಕೆಳಭಾಗದಲ್ಲಿ ಕಸುವಿಲ್ಲ' ಎಂದು ಬರೆಯುವವರು. ಕಾರಿಡಾರಿನಲ್ಲಿ ಎದುರಾದರೆ ಇಬ್ಬರೂ ಸೊಂಟ ಬಗ್ಗಿಸಿ ವಂದಿಸುತ್ತಿದ್ದರು. ಒಬ್ಬರ ಮೇಲೊಬ್ಬರಿಗೆ ಇದ್ದ ದೂರುಗಳನ್ನೆಲ್ಲ ನನ್ನ ಹತ್ತಿರ ಹೇಳುತ್ತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. ನೊಗ ನಾನು.

ಇನ್ನು ನನ್ನ ಘನಕಾರ್ಯ. ಇಲ್ಲಿನ ಶಾಲೆಗಳಲ್ಲಿ ಮಕ್ಕಳು ಲೆಕ್ಕ ಸರಿ ಮಾಡಿದರೆ ಟೀಚರು ಕೆಂಪು ಶಾಯಿಯಲ್ಲಿ ಸುರುಳಿ ಸುತ್ತಿ, ಸುತ್ತಲೂ ಎಸಳು ಬಿಡಿಸಿ ಹೂವು ಮಾಡುತ್ತಾರೆ. ಮಗಳ ನೋಟ್‌ಬುಕ್ಕಿನಲ್ಲಿ ಅದನ್ನು ನೋಡಿ ನನಗೆ ಬಹಳ ಇಷ್ಟವಾಗಿಬಿಟ್ಟಿತು. ಖಾಲಿ ಪೊಟ್ಟಣ, ಖಾಲಿ ಹಾಳೆ ಎರಡೂ ಪೂರ್ತಿ ತಂದ ರೋಗಿಗಳ ಎಣಿಕೆಯ ಹಾಳೆಯ ಮೇಲೆ ಅಂಥದೇ ಹೂವು ಬಿಡಿಸತೊಡಗಿದೆ. ಮನೆಯಲ್ಲಿ ಹೇಳಿದರೆ ಮಗಳು, "ಅಮ್ಮಾ, ದಟ್ಸ್ ಫಾರ್ ಸ್ಮಾಲ್ ಕಿಡ್ಸ್" ಎಂದಳು. ಕೇಳಲಿಲ್ಲ. ತೊಂಬತ್ತೆಂಟು ತಂದರೆ ಇನ್ನೆರಡು ಎಲ್ಲಿ ಹೋಯಿತು ಎಂದು ಕೇಳುವ ಮನೆಯಲ್ಲಿ ಬೆಳೆದವಳು ನಾನು. ಎಪ್ಪತ್ತು ದಾಟಿದವರು ಹೂವು ನೋಡಿ ಮುಖ ಅರಳಿಸುತ್ತಿದ್ದರು. ಎರಡನೇ ತಿಂಗಳಿಗೆ ಒಬ್ಬರದೂ ಕಡಿಮೆ ಇರಲಿಲ್ಲ. ಜಗತ್ತಿನಲ್ಲಿ ಯಾವ ರೋಗಿಗಳೂ ಹೀಗೆ ನೂರಕ್ಕೆ ನೂರು ಔಷಧಿ ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ನನಗಾಗ ಹೆಮ್ಮೆಯಲ್ಲಿ ಕಣ್ಣೇ ಕಾಣುತ್ತಿರಲಿಲ್ಲ.

ಅವರಲ್ಲೆಲ್ಲ ಅಚ್ಚುಕಟ್ಟಿನವರು ಎಪ್ಪತ್ತೊಂದು ವರ್ಷದ ಒಬ್ಬರು. ಬೇರಿಂಗ್ ಮಾಡುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಗುಣಮಟ್ಟ ತಪಾಸಣೆ ಮಾಡಿ ನಿವೃತ್ತರಾದವರು. ಮನೆಯಲ್ಲಿ ನಾನೂ ನನ್ನ ಗಂಡನೂ ಅವರಿಗೆ ಬೇರಿಂಗ್-ಸಾನ್, ಅಂದರೆ ಬೇರಿಂಗ್ ಅವರು, ಎಂದು ಹೆಸರಿಟ್ಟಿದ್ದೆವು. ಪೊಟ್ಟಣಗಳನ್ನು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ತರುತ್ತಿದ್ದರು. ಮಾತ್ರೆಯ ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ತಾರೀಖು. ಮನೆಯಲ್ಲಿ ಬೆಳಗ್ಗೆ ಸಂಜೆ ನೋಡಿಕೊಂಡ ರಕ್ತದೊತ್ತಡಕ್ಕೆ ಗೆರೆ ಎಳೆದ ಪುಸ್ತಕ. ನಾನು ಎಣಿಸಿ ಮುಗಿಸುವವರೆಗೂ ಕೈ ತೊಡೆಯ ಮೇಲಿಟ್ಟು ಕೂತಿರುತ್ತಿದ್ದರು. ಆಮೇಲೆ ನನ್ನ ಕೆಂಪು ಪೆನ್ನಿನ ಕಡೆ ಒಮ್ಮೆ ನೋಡುತ್ತಿದ್ದರು.

ಸೇರುವಾಗ ಅವರ ಅಂಕಿ ನೂರ ನಲವತ್ತು. ಮೊದಲ ತಿಂಗಳು ನೂರ ತೊಂಬತ್ತಾಯಿತು. ಮೂತ್ರದ ಅಂಕಿ ದಿನದಿಂದ ದಿನಕ್ಕೆ ಏರಿಳಿಯುವುದು ಸಾಮಾನ್ಯ ಎಂದು ಸುಮ್ಮನಾದೆವು. ಎರಡನೇ ತಿಂಗಳು ಇನ್ನೂರ ಮೂವತ್ತೈದು. ಗೆರೆ ಎಳೆದ ಪುಸ್ತಕದಲ್ಲಿ ರಕ್ತದೊತ್ತಡವೂ ನೂರ ಇಪ್ಪತ್ತೆಂಟರಿಂದ ನೂರ ಐವತ್ತಕ್ಕೆ ಹತ್ತಿತ್ತು.

"ಜೇಷ್ಠಮಧು" ಎಂದರು ಕಿಡ್ನಿ ಡಾಕ್ಟರು, ಕಳ್ಳ ಸಿಕ್ಕಿದ ಧಾಟಿಯಲ್ಲಿ. ಅವರು ಮಾತಾಡಿದ್ದು ಜಪಾನಿಯಲ್ಲಿ, ಇಲ್ಲಿರುವುದು ನನ್ನ ಕನ್ನಡ. "ಅದು ಒತ್ತಡ ಏರಿಸುತ್ತೆ ಅಂತ ಪುಸ್ತಕದಲ್ಲೇ ಇದೆಯಲ್ಲ."

ಇದೆ, ನಿಜ. ಜೇಷ್ಠಮಧು ಹೆಚ್ಚಾದರೆ ಒತ್ತಡ ಏರುತ್ತದೆ, ಕಾಲು ಊದುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯುತ್ತದೆ. ಬೇರಿಂಗ್-ಸಾನ್ ಅವರ ಕಾಲು ಊದಿರಲಿಲ್ಲ, ಪೊಟ್ಯಾಸಿಯಂ ಸರಿಯಾಗಿಯೇ ಇತ್ತು. ಕಾಂಪೋ ಡಾಕ್ಟರು ನನ್ನನ್ನು ಕರೆದು, "ನಾವು ಹಾಕಿರೋದು ಚಿಟಿಕೆ. ಅದಕ್ಕೆ ಹೀಗಾಗೋದಿಲ್ಲ. ಕಾಯಿಲೆಯೇ ಜೋರಾಗಿದೆ. ಇದನ್ನ ಕಿಡ್ನಿ ಡಾಕ್ಟರಿಗೆ ನೋವಾಗದ ಹಾಗೆ ತಿಳಿಸಿ" ಎಂದರು. ನಾನು ತಿಳಿಸಿದೆ. ಕಿಡ್ನಿ ಡಾಕ್ಟರು ನಕ್ಕು ಮಾತ್ರೆಯ ಪ್ರಮಾಣವನ್ನು ಎರಡರಷ್ಟು ಮಾಡಿದರು. ಬೇರಿಂಗ್-ಸಾನ್ ತಲೆ ಬಾಗಿಸಿ ಹೊಸ ಮಾತ್ರೆ ಒಯ್ದರು. ಮೂರನೇ ತಿಂಗಳು ಖಾಲಿ ಹಾಳೆಗಳನ್ನು ಲೆಕ್ಕ ತಪ್ಪದೆ ತಂದರು. ಅಂಕಿ ಇನ್ನೂರ ಎಂಬತ್ತೈದು.

ಗೆರೆಗೆ ಹದಿನೈದು ಬಾಕಿ.

ಮೀಟಿಂಗ್ ನಡೆಯಿತು. ಎರಡು ಗಂಟೆಯ ಮೀಟಿಂಗಿನಲ್ಲಿ ಯಾರೂ ಯಾರಿಗೂ ತಪ್ಪು ಎನ್ನಲಿಲ್ಲ. 'ಇನ್ನೊಂದು ದೃಷ್ಟಿಯಿಂದಲೂ ನೋಡಬಹುದೇನೋ' ಎಂಬ ಮಾತನ್ನು ನಾನು ಏಳು ಸಲ ಬರೆದುಕೊಂಡೆ. ಕೊನೆಗೆ ತೀರ್ಮಾನವಾಯಿತು: ಎರಡು ವಾರದ ನಂತರ ದಾಖಲು ಮಾಡುವುದು, ಬೆನ್ನಿಗೆ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡುವುದು, ಪುಡಿ ನಿಲ್ಲಿಸುವುದು, ಎರಡರಷ್ಟಾದ ಮಾತ್ರೆಗೆ ಮೂತ್ರ ಹೆಚ್ಚಿಸುವ ಇನ್ನೊಂದು ಮಾತ್ರೆ ಸೇರಿಸುವುದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಗಂಡ ಹೆಂಡಿರು ಜಗಳವನ್ನೂ ಆಡಿರಲಿಲ್ಲ.

ಆ ಸಂಜೆ ಚಪಾತಿ ಲಟ್ಟಿಸುತ್ತಾ ಗಂಡನ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಅವನು ಲೋಹಗಳ ಮೇಲೆ ಸಂಶೋಧನೆ ಮಾಡುವವನು. ಮಧ್ಯೆ ತಡೆದು, "ಒಂದ್ನಿಮಿಷ. ನೀವು ಎರಡೆರಡು ಔಷಧಿ ಒಟ್ಟಿಗೆ ಕೊಟ್ಟು, ಯಾವುದು ವರ್ಕ್ ಆಯ್ತು ಅಂತ ಹೇಗೆ ಹೇಳ್ತೀರ? ನಮ್ಮ ಲ್ಯಾಬಲ್ಲಿ ಎರಡು ಪ್ಯಾರಾಮೀಟರ್ ಒಟ್ಟಿಗೆ ಚೇಂಜ್ ಮಾಡಿದ್ರೆ ಬೈತಾರೆ" ಎಂದ.

"ಅದಕ್ಕೇ ಕಣೋ ಮಾತ್ರೆ ಮಾತ್ರ ತಗೊಳ್ಳೋ ಗುಂಪು ಬೇರೆ ಇರೋದು. ಎರಡನ್ನೂ ಕಂಪೇರ್ ಮಾಡ್ತೀವಿ."

"ಅದು ನಿಂಗೊತ್ತು. ಬೇರಿಂಗ್-ಸಾನ್‌ಗೆ ಗೊತ್ತಾ?"

"ಹದಿನಾಲ್ಕು ಪೇಜ್ ಒಪ್ಪಿಗೆ ಪತ್ರ ಓದಿ ಹೇಳಿದೀನಿ ಅವರಿಗೆ. ಗೊತ್ತಿಲ್ದೆ ಏನು?" ಎಂದು ರೇಗಿದೆ. ಲಟ್ಟಣಿಗೆ ಮಾತ್ರ ನಿಂತಿತ್ತು. ಮೂವತ್ತೆಂಟು ವರ್ಷ ಬೇರಿಂಗ್ ಪರೀಕ್ಷಿಸಿದ ಮನುಷ್ಯ ಇದೇ ಪ್ರಶ್ನೆ ಕೇಳಿಕೊಂಡಿರಲಾರರೇ?

ಮರುದಿನ ಸೈಕಲ್ ನಿಲ್ಲಿಸಿ ನೇರ ಉಗ್ರಾಣಕ್ಕೆ ಹೋದೆ. ಎಣಿಸಿದ ಕಸವನ್ನು ಅಧ್ಯಯನ ಮುಗಿಯುವವರೆಗೆ ಚೀಲಗಳಲ್ಲಿ ಇಟ್ಟಿರಬೇಕೆಂಬ ನಿಯಮವನ್ನು ಬೈದುಕೊಳ್ಳುತ್ತಿದ್ದವಳು ಅಂದು ಮೊದಲ ಬಾರಿಗೆ ಅದಕ್ಕೆ ಕೈಮುಗಿದೆ. ಬೇರೆಯವರ ಮಾತ್ರೆಯ ಹಾಳೆಗಳು ಜೇಬಿನಲ್ಲಿದ್ದು ಸುಕ್ಕಾಗಿದ್ದವು, ಎರಡೆರಡರಂತೆ ಕತ್ತರಿಸಿದ್ದವು, ಒಂದಕ್ಕೆ ಸೋಯಾ ಸಾಸ್ ಅಂಟಿತ್ತು. ಬೇರಿಂಗ್-ಸಾನ್ ಅವರದು ಇಸ್ತ್ರಿ ಮಾಡಿದಂತೆ ಚಪ್ಪಟೆ. ಹಾಳೆ ಒಂದು ದಿನವೂ ಊಟದ ಮೇಜು ಕಂಡಂತಿರಲಿಲ್ಲ. ಅವರದೇ ಪುಡಿಯ ಪೊಟ್ಟಣಗಳು ಹಾಗಲ್ಲ. ಹರಿದ ಅಂಚು ಸೊಟ್ಟ, ಒಳಗೆ ಹರಳು ಅಂಟಿಕೊಂಡು ಬೇರಿನ ವಾಸನೆ ಇನ್ನೂ ಬರುತ್ತಿತ್ತು. ಪುಡಿ ಹೊಟ್ಟೆಗೆ ಹೋಗಿದೆ, ಮಾತ್ರೆ ಹೋಗಿಲ್ಲ ಎಂದು ನನಗೆ ಅನ್ನಿಸಿತು. ಹಾಗಿದ್ದರೆ ದಾಖಲಾತಿ ನಡೆಯಕೂಡದು.

ಯಾಕೆಂದರೆ ಆಸ್ಪತ್ರೆಗೆ ದಾಖಲಾದರೆ ನರ್ಸ್ ಎದುರಿಗೆ ನಿಂತು ನುಂಗಿಸುತ್ತಾರೆ. ತಿಂಗಳುಗಟ್ಟಲೆ ಮಾತ್ರೆ ಮುಟ್ಟದ ಮೈಗೆ ಒಂದೇ ಸಲ ಎರಡರಷ್ಟು ಪ್ರಮಾಣ, ಮೇಲೆ ಮೂತ್ರದ ಮಾತ್ರೆ. ಒತ್ತಡ ದಢಕ್ಕನೆ ಕುಸಿದರೆ ಕಿಡ್ನಿಗೆ ರಕ್ತವೇ ಸಾಲದು. ಉಳಿಸಲು ಹೊರಟ ಕಿಡ್ನಿಯನ್ನು ನಾವೇ ಕೆಡಿಸುತ್ತಿದ್ದೆವು.

ಕಿಡ್ನಿ ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಅವರು ನನ್ನ ಎಣಿಕೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಮೂರು ತಿಂಗಳೂ ನೀವೇ ಹೂವು ಹಾಕಿದ್ದೀರಲ್ಲ" ಎಂದರು. ಮುಖಕ್ಕೆ ನೀರು ಎರಚಿದಂತಾಯಿತು. ಆದರೂ ಬಿಡಲಿಲ್ಲ. ಆ ತಿಂಗಳು ತೆಗೆದ ರಕ್ತದಲ್ಲಿ ಸ್ವಲ್ಪ ಫ್ರೀಜರಿನಲ್ಲಿ ಉಳಿದಿತ್ತು. ಅದರಲ್ಲಿ ರೆನಿನ್ ಎಂಬ ಕಿಡ್ನಿಯ ಹಾರ್ಮೋನು ಎಷ್ಟಿದೆ ನೋಡೋಣ ಎಂದೆ. ಆ ಮಾತ್ರೆ ನುಂಗುವವರಲ್ಲಿ ರೆನಿನ್ ಏರಿರುತ್ತದೆ. ಜೇಷ್ಠಮಧುವಿನ ಕಾಟವಾದರೆ ತಳ ಹಿಡಿದಿರುತ್ತದೆ. "ಖಚಿತ ಸಾಕ್ಷಿಯಲ್ಲ, ಆದರೆ ನೋಡಬಹುದು" ಎಂದು ಒಪ್ಪಿದರು. ಉಳಿದ ರಕ್ತ ಬಳಸಲು ಅರ್ಜಿ, ಅರ್ಜಿಗೆ ಕಾಂಪೋ ಡಾಕ್ಟರ ಮುದ್ರೆ, ಅವರು ಸಮ್ಮೇಳನಕ್ಕೆಂದು ಊರಲ್ಲಿಲ್ಲ. ಮೂರು ದಿನ ಹೋಯಿತು. ಹೊರಗಿನ ಲ್ಯಾಬಿನಿಂದ ಫಲಿತಾಂಶ ಬರಲು ಇನ್ನೊಂದು ವಾರ. ಬಂದದ್ದು ಎರಡೂ ಅಲ್ಲದ ಅಂಕಿ. ಏರಿರಲಿಲ್ಲ, ತಳವನ್ನೂ ಹಿಡಿದಿರಲಿಲ್ಲ. ಏನೂ ನುಂಗದ ಸಾಧಾರಣ ಮನುಷ್ಯನ ಅಂಕಿ.

ದಾಖಲಾತಿಗೆ ಮೂರು ದಿನ ಉಳಿದಿತ್ತು. ಈಗಲಾದರೂ ಅವರನ್ನು ಕರೆದು ಕೇಳೋಣ ಎಂದೆ. ಕಾಂಪೋ ಡಾಕ್ಟರು ಹೌಹಾರಿದರು. "ನೇರ ಕೇಳಬೇಡಿ. ಸುಳ್ಳು ಹೇಳಿದಿರಿ ಅಂದಹಾಗಾಗುತ್ತೆ. ಎಲ್ಲ ರೋಗಿಗಳಿಗೂ ಒಂದು ಸಾಮಾನ್ಯ ಪತ್ರ ಕಳಿಸೋಣ, ಔಷಧಿ ಮರೆಯದೆ ತಗೊಳ್ಳಿ ಅಂತ. ಅವರಿಗೆ ಅರ್ಥವಾಗುತ್ತೆ." ಪತ್ರ ಅಂಚೆಯಲ್ಲಿ ಹೋಗಿ ತಲುಪುವಷ್ಟರಲ್ಲಿ ಅವರು ವಾರ್ಡಿನಲ್ಲಿರುತ್ತಾರೆ ಎಂದೆ. "ಹಾಗಾದರೆ ವಾರ್ಡಿಗೇ ಕಳಿಸೋಣ" ಎಂದರು. ತಲೆ ಚಚ್ಚಿಕೊಳ್ಳುವುದಕ್ಕೆ ಆ ಕೋಣೆಯಲ್ಲಿ ಒಂದು ಒಳ್ಳೆಯ ಗೋಡೆಯೂ ಇರಲಿಲ್ಲ. ಎಲ್ಲ ಕಡೆ ಗಾಜು.

ಹೊರಗೆ ಬಂದು ಯಾರನ್ನೂ ಕೇಳದೆ ಬೇರಿಂಗ್-ಸಾನ್‌ಗೆ ಫೋನ್ ಮಾಡಿದೆ. ಒಂದು ಗಂಟೆಯಲ್ಲಿ ಬಂದು ಎಂದಿನ ಕುರ್ಚಿಯಲ್ಲಿ ಕೈ ತೊಡೆಯ ಮೇಲಿಟ್ಟು ಕೂತರು. ನಾನು ಬಾಗಿಲು ಹಾಕಿದೆ.

"ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಾತ್ರೆ ನುಂಗ್ತಾ ಇದ್ದೀರಾ?"

"ಇಲ್ಲ" ಎಂದರು.

ಅಷ್ಟೇ. ಮುಜುಗರವಿಲ್ಲ, ತಡವರಿಕೆಯಿಲ್ಲ. ಆ ಒಂದು ಪ್ರಶ್ನೆಯನ್ನು ಮೂರು ತಿಂಗಳಿಂದ ನಾವು ಯಾರೂ ಕೇಳಿರಲಿಲ್ಲ. ನಾನು ಕೇಳುತ್ತಿದ್ದದ್ದು ಖಾಲಿ ಹಾಳೆ ತಂದಿರಾ ಎಂದು.

"ಯಾವಾಗಿನಿಂದ?"

"ನೀವು ಪುಡಿ ಕೊಟ್ಟ ದಿನದಿಂದ. ನೀವು ಪರೀಕ್ಷೆ ಮಾಡ್ತಾ ಇರೋದು ಪುಡಿ ಅಲ್ಲವಾ? ಎರಡನ್ನೂ ತಗೊಂಡು ನಾನು ಸುಧಾರಿಸಿದರೆ ಯಾವುದರಿಂದ ಅಂತ ನಿಮಗೆ ಹೇಗೆ ತಿಳಿಯುತ್ತೆ? ಕಾರ್ಖಾನೆಯಲ್ಲಿ ನಾವು ಒಂದು ಸಲಕ್ಕೆ ಒಂದನ್ನೇ ಬದಲಾಯಿಸ್ತಿದ್ದೆವು. ನೀವು ವಿದೇಶದಿಂದ ಬಂದು ಇಷ್ಟು ಕಷ್ಟಪಡ್ತೀರಿ. ನನ್ನಿಂದ ನಿಮ್ಮ ಪರೀಕ್ಷೆ ಕೆಡಬಾರದು ಅಂತ."

"ಖಾಲಿ ಹಾಳೆಗಳು?"

"ತಿಂಗಳ ಕೊನೆಗೆ ಒತ್ತಿ ತೆಗೆದಿಡ್ತಿದ್ದೆ. ಮಾತ್ರೆಗಳು ಟೀ ಡಬ್ಬಿಯಲ್ಲಿವೆ, ತಿಂಗಳಿಗೊಂದು ಕವರು. ಒಂದೂ ಕಳೆದಿಲ್ಲ. ಹಾಗೇ ತಂದರೆ ನಿಮ್ಮ ಹಾಳೆಗೆ ಹೂವು ಬರಲ್ಲ ಅಲ್ಲವಾ? ನಿಮ್ಮ ಮೇಲಿನವರು ನಿಮ್ಮನ್ನ ಏನಾದರೂ ಅಂದಾರು ಅಂತ."

ನನ್ನ ಮೈ ಉರಿದುಹೋಯಿತು. "ಯಾರ್ರೀ ಹೇಳಿದ್ದು ನಿಮ್ಗೆ! ನಿಮ್ಮ ಕಿಡ್ನಿ ಕಣ್ರೀ ಅದು, ಬೇರಿಂಗ್ ಅಲ್ಲ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಅವರಿಗೆ ಒಂದಕ್ಷರವೂ ಅರ್ಥವಾಗಿರಲಾರದು. ಎದ್ದು ನಿಂತು, ತಲೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ, "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು. ಕೋಪ ಅಲ್ಲೇ ಸತ್ತಿತು. ಅವಮಾನ ಮಾತ್ರ ಉಳಿಯಿತು, ಅದು ಪೂರ್ತಿ ನನ್ನದು. ಹೋಲಿಸಲು ಬೇರೆ ಗುಂಪಿದೆ ಎಂಬುದು ಹದಿನಾಲ್ಕು ಪುಟದ ವಿವರಣೆಯ ಒಂಬತ್ತನೇ ಪುಟದಲ್ಲಿ ಇತ್ತು. ಗಡಿಬಿಡಿಯಲ್ಲಿ ಓದಿ, ಏನಾದರೂ ಸಂದೇಹ ಇದೆಯೇ ಎಂದಿದ್ದೆ. ಇಲ್ಲ ಎಂದಿದ್ದರು. ಇನ್ನೊಬ್ಬರ ಸಮಯ ತಿನ್ನಬಾರದೆಂದು ಇಲ್ಲಿ ಯಾರೂ ಸಂದೇಹ ಕೇಳುವುದಿಲ್ಲ.

ಕುಳಿತುಕೊಳ್ಳಿ ಎಂದು ಹೇಳಿ, ಕಾಗದದ ಮೇಲೆ ಎರಡು ಡಬ್ಬಿ ಬರೆದು ವಿವರಿಸಿದೆ. ಈ ಡಬ್ಬಿಯವರು ಮಾತ್ರೆ ಮಾತ್ರ, ಈ ಡಬ್ಬಿಯವರು ಮಾತ್ರೆ ಮತ್ತು ಪುಡಿ. ವ್ಯತ್ಯಾಸ ಸಿಗುವುದು ಡಬ್ಬಿಗಳ ನಡುವೆ. ಅವರು ಆ ಕಾಗದವನ್ನು ಗಮನವಿಟ್ಟು ನೋಡಿದರು. "ಓ, ಹೀಗೋ" ಎಂದರು ನಿಧಾನವಾಗಿ. "ಇದು ಸರಿಯಾದ ವಿಧಾನ." ಎರಡು ನಿಮಿಷವೂ ಹಿಡಿಯಲಿಲ್ಲ.

ಕಿಡ್ನಿ ಡಾಕ್ಟರಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ವಾರ್ಡಿನಲ್ಲಿ ಏನಾಗಬಹುದಿತ್ತು ಎಂದು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಸೂಜಿ ರದ್ದಾಯಿತು, ದಾಖಲಾತಿ ರದ್ದಾಯಿತು. ಮಾತ್ರೆಯನ್ನು ಅತಿ ಕಡಿಮೆ ಪ್ರಮಾಣದಿಂದ ಹೊಸದಾಗಿ ಶುರು ಮಾಡಿದೆವು. ತಮ್ಮ ಪುಡಿಯ ತಪ್ಪೇನೂ ಇಲ್ಲ ಎಂದು ಕಾಂಪೋ ಡಾಕ್ಟರಿಗೆ ಒಂದು ಕ್ಷಣ ಖುಷಿಯಾಯಿತು. ಪುಡಿಯೊಂದನ್ನೇ ನಂಬಿ ಕೂತಾಗ ಅಂಕಿ ಎಲ್ಲಿಗೆ ಹೋಯಿತು ಎಂಬುದು ಮರುಕ್ಷಣ ಹೊಳೆದಿರಬೇಕು, ಸಪ್ಪಗಾದರು. ಒಬ್ಬ ಮನುಷ್ಯನಿಂದ ಏನೂ ಸಾಬೀತಾಗುವುದಿಲ್ಲ ಎಂದು ಇಬ್ಬರೂ ಒಪ್ಪಿದರು. ಅವರಿಬ್ಬರೂ ಒಪ್ಪಿದ ಮೊದಲ ಸಂಗತಿ ಅದು.

ಉಳಿದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಅದೇ ಪ್ರಶ್ನೆ ನೇರವಾಗಿ ಕೇಳಿದೆ. ಹರಳು ಹಲ್ಲುಸೆಟ್ಟಿನ ಕೆಳಗೆ ಸಿಕ್ಕಿ ನೋಯುತ್ತದೆಂದು ಇಬ್ಬರು ಪುಡಿಯನ್ನು ಸಿಂಕಿಗೆ ಸುರಿಯುತ್ತಿದ್ದರು. ಒಬ್ಬರು ನಿತ್ಯ ಮರೆತು ತಿಂಗಳ ಕೊನೆಯ ವಾರ ಮೂರುಮೂರು ಕುಡಿಯುತ್ತಿದ್ದರು. ಕೆಂಪು ಪೆನ್ನನ್ನು ಮನೆಗೆ ಒಯ್ದು ಮಗಳಿಗೆ ಕೊಟ್ಟುಬಿಟ್ಟೆ. ಮಿಕ್ಕ ಪುಡಿ, ಮಿಕ್ಕ ಮಾತ್ರೆ ತಂದವರಿಗೆ ಎದ್ದು ನಿಂತು ವಂದಿಸತೊಡಗಿದೆ. ಈಗ ನಮ್ಮ ಅಂಕಿಗಳು ನೋಡಲು ಕೆಟ್ಟದಾಗಿವೆ, ಅಂದರೆ ನಂಬಬಹುದಾಗಿವೆ.

ಎಂಟು ವಾರದ ನಂತರ ಬೇರಿಂಗ್-ಸಾನ್ ಅವರ ಅಂಕಿ ಇನ್ನೂರ ಹದಿನೈದಕ್ಕೆ ಬಂತು. ಗೆರೆ ದಾಟಲಿಲ್ಲ. ನೂರ ನಲವತ್ತಕ್ಕೆ ಮರಳುತ್ತದೆಯೇ ಎಂದು ಕಿಡ್ನಿ ಡಾಕ್ಟರನ್ನು ಕೇಳಿದರೆ, "ಹೇಳಲಾರೆ" ಎಂದರು. ನಿಯಮದ ಪ್ರಕಾರ ಬೇರಿಂಗ್-ಸಾನ್ ಅವರನ್ನು ಅಧ್ಯಯನದಿಂದ ತೆಗೆಯಬೇಕಿತ್ತು. ಅದನ್ನು ಹೇಳುವ ಕೆಲಸವೂ ನನಗೇ ಬಂತು.

"ಹಾಗಾದರೆ ನನ್ನ ಮೂರು ತಿಂಗಳು ನಿಮ್ಮ ಕೆಲಸಕ್ಕೆ ಬರಲಿಲ್ಲವಾ?" ಎಂದು ಕೇಳಿದರು.

ಇಲ್ಲಿನ ಪದ್ಧತಿಯಂತೆ, ಬಹಳ ಉಪಯೋಗವಾಯಿತು, ಅರಿಗಾತೋ ಎಂದು ಧನ್ಯವಾದ ಹೇಳಬಹುದಿತ್ತು. ಬಾಯಿಗೂ ಬಂದಿತ್ತು.

"ಬರಲಿಲ್ಲ" ಎಂದೆ. "ನಿಮ್ಮ ಕಿಡ್ನಿಗೆ ಪೆಟ್ಟಾಯ್ತು, ನಮಗೇನೂ ಸಿಗಲಿಲ್ಲ."

ಅವರು ತಲೆಯಾಡಿಸಿದರು. ಕಣ್ಣು ಒದ್ದೆಯಾಗಿತ್ತೋ ಏನೋ, ನಾನು ನೋಡಲಿಲ್ಲ. "ಕಾರಣ ಬರೆಯೋ ಜಾಗ ಇರುತ್ತಾ?" ಎಂದರು. ಇರುತ್ತದೆ ಎಂದೆ. "ಸರಿಯಾದ ಕಾರಣ ಬರೀರಿ. ಕಾರಣ ತಪ್ಪು ಬರೆದರೆ ಮುಂದಿನ ಸಲವೂ ಅದೇ ಆಗುತ್ತೆ."

ಕೈಬಿಟ್ಟ ರೋಗಿಯ ಫಾರಂನಲ್ಲಿ ನಾನು ಬರೆದದ್ದು ಇಷ್ಟು: ಮಾತ್ರೆ ನುಂಗುತ್ತಿದ್ದೀರಾ ಎಂದು ಸಂಯೋಜಕಿ ಮೂರು ತಿಂಗಳು ಕೇಳಲಿಲ್ಲ. ಕಚೇರಿಯವರು ಅದನ್ನು ವಿನಯದಿಂದ ವಾಪಸು ಕಳಿಸಿದರು. ಆ ಜಾಗದಲ್ಲಿ 'ರೋಗಿಯು ಸೂಚನೆ ಪಾಲಿಸಲಿಲ್ಲ' ಎಂದು ಬರೆಯುವುದು ವಾಡಿಕೆಯಂತೆ, ಮಾದರಿಗೆ ಒಂದು ಹಾಳೆಯನ್ನೂ ಲಗತ್ತಿಸಿದ್ದರು. ಎರಡು ಸಲ ವಾಪಸು ಬಂದಿದೆ. ಎರಡು ಸಲವೂ ಅದೇ ವಾಕ್ಯ ಬರೆದು ಕಳಿಸಿದ್ದೇನೆ.